ಆಟದ ನಕಲು ಎಲ್ಲಿಯವರೆಗೆ ತಪ್ಪು?

ಪರರ ಸ್ವತ್ತನ್ನು ಕದಿಯಬಾರದೆಂಬ ವಿಷಯದಲ್ಲಿ ನಮ್ಮ ವಾಚಕರಿಗೆ ಭಿನ್ನಾಭಿಪ್ರಾಯವಿರಲಾರದು. ಆದರೆ ಗಣಕಯಂತ್ರದಲ್ಲಿ ಆಡುವ ವಿಡಿಯೋ ಆಟವೊಂದರ ಕಳ್ಳ ಪ್ರತಿಯನ್ನು ಇಟ್ಟುಕೊಂಡವನನ್ನು ಕಳ್ಳನೆನ್ನಬೇಕೇ ಎಂದು ಕೇಳಿದರೆ, ಅದೇ ವಾಚಕರು ಒಂದು ಕ್ಷಣ ತಡೆದು ಯೋಚಿಸುವರು. ಹಣವಿಲ್ಲದ ಹುಡುಗನೊಬ್ಬನು ಆಟವನ್ನು ನಕಲು ಮಾಡಿಕೊಂಡರೆ ಯಾರ ಗಂಟೇನು ಹೋಯಿತು ಎನ್ನುವವರೂ ಇದ್ದಾರೆ; ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಕಳವಿನಲ್ಲಿ ಸಣ್ಣದು ದೊಡ್ಡದೆಂಬ ಭೇದವಿಲ್ಲ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ಣ ಸತ್ಯವಲ್ಲವೆಂಬುದು ನಮ್ಮ ಅಭಿಪ್ರಾಯ. ನಕಲು ಎಂಬುದು ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ, ಯಾವಾಗ, ಎಷ್ಟು ಹಾನಿಯಾಗುತ್ತದೆ ಎಂಬುದನ್ನು ತೂಗಿ ನೋಡಿದ ಮೇಲೆ ತೀರ್ಪು ಹೇಳುವುದು ಯುಕ್ತ.

ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಬಿನ್ನಿ ಗಿರಣಿಯಿಂದ. 1884ರಲ್ಲಿ ಸ್ಥಾಪಿತವಾದ ಆ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯ ಯಂತ್ರಗಳ ಸದ್ದು ಈಗ ಅಡಗಿದೆ. ಅದರ ನೆಲದಲ್ಲಿ ವಸತಿ ಸಮುಚ್ಚಯಗಳೂ ಮಾಲೂ ಎದ್ದಿವೆ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಂದ ಒಂದು ಥಾನು ಬಟ್ಟೆ ಕಳುವಾಗಿದ್ದರೆ ಉಗ್ರಾಣದ ಲೆಕ್ಕದಲ್ಲಿ ಒಂದು ಥಾನು ಕಡಮೆಯಾಗುತ್ತಿತ್ತು. ಕದ್ದವನು ಉಟ್ಟ ಬಟ್ಟೆಯನ್ನು ಇನ್ನೊಬ್ಬನು ಉಡಲಾರ. ವಿಡಿಯೋ ಆಟದ ಸ್ವಭಾವ ಬೇರೆ. ಅದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ದೀರ್ಘವಾದ ಸಾಲು. ಅಂಗೈಯಗಲದ ಒಂದು ಸಿ.ಡಿ.ಯಲ್ಲಿ ಇಂತಹ ಅಂಕಿಗಳು 500 ಕೋಟಿಗೂ ಮೀರಿ ಅಡಗಿರುತ್ತವೆ. ಧ್ವನಿಸುರುಳಿಯ ಕ್ಯಾಸೆಟ್ಟನ್ನು ನಕಲಿನಿಂದ ನಕಲಿಗೆ ಇಳಿಸುತ್ತ ಹೋದರೆ ಹಾಡು ಮಂಕಾಗುತ್ತಿತ್ತು. ಅಂಕಿಗಳ ಸಾಲಿನಲ್ಲಿ ಹಾಗಾಗುವುದಿಲ್ಲ. ತಪ್ಪಿದ ಅಂಕಿಯನ್ನು ಪತ್ತೆಮಾಡಿ ತಿದ್ದುವ ಸಂಕೇತಗಳು ಆ ಸಾಲಿನಲ್ಲಿಯೇ ಸೇರಿರುವುದರಿಂದ, ನೂರನೆಯ ಪ್ರತಿಯೂ ಮೊದಲನೆಯ ಪ್ರತಿಯಂತೆಯೇ ಇರುತ್ತದೆ; ಮೂಲವೂ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ನಕಲು ಮಾಡುವುದನ್ನು ಥಾನು ಕದ್ದಂತೆ ಎನ್ನುವುದು ವಿಜ್ಞಾನದ ದೃಷ್ಟಿಯಿಂದ ಸರಿಯಾದ ಹೋಲಿಕೆಯಲ್ಲ.

ಹೋಲಿಕೆ ಸರಿಯಲ್ಲವೆಂದ ಮಾತ್ರಕ್ಕೆ ತಪ್ಪು ಇಲ್ಲವೆಂದಾಗುವುದಿಲ್ಲ. ಟಿಕೀಟು ಕೊಳ್ಳದೆ ನಗರದ ಬಸ್ಸಿನಲ್ಲಿ ಕುಳಿತವನು ಬಸ್ಸನ್ನೇನೂ ಹೊತ್ತುಕೊಂಡು ಹೋಗುವುದಿಲ್ಲ. ಅವನು ಹತ್ತಿದರೂ ಹತ್ತದಿದ್ದರೂ ಬಸ್ಸು ಓಡುತ್ತದೆ. ಆದರೂ ಬಸ್ಸು ಓಡುವ ಖರ್ಚಿನಲ್ಲಿ ತನ್ನ ಪಾಲನ್ನು ಅವನು ಪಕ್ಕದ ಪ್ರಯಾಣಿಕನ ಹೆಗಲಿಗೆ ದಾಟಿಸಿರುತ್ತಾನೆ. ವಿಡಿಯೋ ಆಟದ ಅರ್ಥಶಾಸ್ತ್ರವೂ ಹೀಗೆಯೇ. ಎರಡನೆಯ ಪ್ರತಿಗೆ ಬಹುಮಟ್ಟಿಗೆ ಖರ್ಚಿಲ್ಲ. ಖರ್ಚೆಲ್ಲವೂ ಮೊದಲನೆಯ ಪ್ರತಿಯದು. ದೊಡ್ಡ ಆಟವೊಂದರ ಆ ಮೊದಲ ಪ್ರತಿಗಾಗಿ ನೂರಾರು ಮಂದಿ ವರ್ಷಗಟ್ಟಲೆ ದುಡಿಯುತ್ತಾರೆ.

ಆ ದುಡಿಯುವವರು ಎಲ್ಲೋ ಕಡಲಾಚೆಯ ಅಪರಿಚಿತರೆಂದು ಭಾವಿಸುವುದು ಸರಿಯಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆ 1997ರ ಸುಮಾರಿಗೇ ಈ ಉದ್ಯಮಕ್ಕೆ ಕೈಹಾಕಿತು. ಫೋರ್ಜಾ ಎಂಬ ಪ್ರಸಿದ್ಧ ಓಟದ ಆಟದಲ್ಲಿ ಕಾಣುವ ಕಾರುಗಳ ರಚನೆಯಲ್ಲಿ ಈ ಊರಿನ ಕಲಾವಿದರ ಕೈಯಿದೆ. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಇದೇ ರಾಕ್‌ಸ್ಟಾರ್ ಹೆಸರಿನಲ್ಲಿ 2002ರಲ್ಲಿ ಹೊರಬಂದ ವೈಸ್ ಸಿಟಿ ಎಂಬ ಆಟದ ಕಳ್ಳ ಪ್ರತಿ ಒಂದು ಕಾಲಕ್ಕೆ ನಮ್ಮ ಊರಿನ ಗಣಕಗಳಲ್ಲಿ ಮನೆಮಾತಾಗಿತ್ತು. ಕಲಾವಿದರಿಗೆ ಸಂಬಳ ಬರುತ್ತದೆ, ಮಾರಾಟದ ಪಾಲು ಬರುವುದಿಲ್ಲ, ನಕಲಿನಿಂದ ಅವರಿಗೇನು ಎಂದು ಕೇಳಬಹುದು. ಈ ವರ್ಷದ ಸಂಬಳ ಹೋದ ವರ್ಷದ ಮಾರಾಟದಿಂದ ಹುಟ್ಟುತ್ತದೆಂಬುದನ್ನು ಗಿರಣಿಯ ನೆರಳಿನಲ್ಲಿ ಬಾಳಿದ ಬಿನ್ನಿಪೇಟೆಯ ಸಂಸಾರಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಕಲಿನಿಂದ ನಿಜವಾಗಿ ಆಗುವ ನಷ್ಟವೆಷ್ಟು? ನಕಲು ಪಡೆದವರೆಲ್ಲರೂ ಇಲ್ಲದಿದ್ದರೆ ಹಣ ಕೊಟ್ಟು ಕೊಳ್ಳುತ್ತಿದ್ದರೆಂದು ಲೆಕ್ಕ ಹಾಕುವುದು ಉತ್ಪ್ರೇಕ್ಷೆ. ಯೂರೋಪಿಯನ್ ಕಮಿಷನ್ ಮಾಡಿಸಿ, 2017ರಲ್ಲಿ ಬೆಳಕಿಗೆ ಬಂದ ಅಧ್ಯಯನವೊಂದರಲ್ಲಿ, ನಕಲಿನಿಂದ ಆಟಗಳ ಮಾರಾಟ ಕುಗ್ಗುತ್ತದೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ದೊರೆಯಲಿಲ್ಲ. ಆದರೆ 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೆಚ್ಚು ಸೂಕ್ಷ್ಮವಾದುದು. ಡೆನುವೊ ಎಂಬ ಬೀಗದ ರಕ್ಷಣೆಯಿದ್ದ 86 ಆಟಗಳನ್ನು ಅದು ಪರೀಕ್ಷಿಸಿತು. ಬಿಡುಗಡೆಯಾದ ಕೂಡಲೆ ಬೀಗ ಮುರಿದುಹೋದ ಆಟಗಳ ಆದಾಯ ಸರಾಸರಿ ಸುಮಾರು ಶೇಕಡ 20ರಷ್ಟು ಇಳಿಯುತ್ತದೆಂದೂ, 12 ವಾರಗಳು ಕಳೆದ ಮೇಲೆ ಮುರಿದರೆ ನಷ್ಟ ಬಹುಮಟ್ಟಿಗೆ ಇಲ್ಲವೆಂದೂ ಅದರಿಂದ ತಿಳಿದುಬಂದಿತು. ನಕಲಿನ ಹಾನಿಯು ಎಲ್ಲ ಕಾಲಕ್ಕೂ ಒಂದೇ ತೂಕದ್ದಲ್ಲ. ಹೊಸ ಆಟದ ಮೊದಲ ವಾರಗಳಲ್ಲಿ ಅದು ಕೂಲಿಯ ಮೇಲೆ ಬೀಳುವ ಪೆಟ್ಟು; ಕಾಲ ಕಳೆದಂತೆ ಹಗುರವಾಗುತ್ತದೆ. ನೀತಿಯ ತಕ್ಕಡಿಯೂ ಇದನ್ನು ಗಮನಿಸಬೇಕಾಗುತ್ತದೆ.

ಇನ್ನು ಬಡತನದ ವಾದ. 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳು ನಮ್ಮ ಪೇಟೆಗಳಲ್ಲಿ ಬಂದವು. ಅವುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಯಂತ್ರದ ಅನುಕರಣೆಗಳು. ಒಂದೇ ಕ್ಯಾಸೆಟ್ಟಿನಲ್ಲಿ 9999 ಆಟಗಳಿವೆಯೆಂದು ಮೇಲೆ ಅಚ್ಚು ಹಾಕಿರುತ್ತಿದ್ದರೂ, ಒಳಗೆ ಹತ್ತಾರು ಆಟಗಳೇ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮುಂದೆ ಮೆಜೆಸ್ಟಿಕ್ ಸುತ್ತಿನ ಮಳಿಗೆಗಳಲ್ಲಿ ಕಳ್ಳ ಸಿ.ಡಿ.ಗಳ ವ್ಯಾಪಾರ ನಡೆಯಿತು. ನ್ಯಾಯವಾದ ಪ್ರತಿಯನ್ನು ನಮ್ಮ ಜನಕ್ಕೆ ಎಟುಕುವ ಬೆಲೆಗೆ ಮಾರುವ ಅಂಗಡಿಯೇ ಆಗ ವಿರಳವಾಗಿತ್ತು. ಆ ಕಾಲದ ಮಕ್ಕಳನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಲು ನಮಗೆ ಮನಸ್ಸು ಬಾರದು. ಆದರೆ ಆ ವಿನಾಯಿತಿಯನ್ನು ಇಂದಿಗೂ ಎಳೆಯಬಹುದೇ? ಸ್ಟೀಮ್ ಎಂಬ ದೊಡ್ಡ ಆಟದ ಮಳಿಗೆ 2015ರಲ್ಲಿ ರೂಪಾಯಿಯ ಬೆಲೆಗಳನ್ನು ಜಾರಿಗೆ ತಂದಿತು. ಹಬ್ಬದ ರಿಯಾಯಿತಿಗಳಲ್ಲಿ ಹಳೆಯ ಆಟಗಳು ಒಂದು ಊಟದ ಬೆಲೆಗೆ ದೊರೆಯುವುದುಂಟು.

ಕೈಗೆಟುಕದ ಬೆಲೆಯೇ ನಕಲಿಗೆ ಹಕ್ಕು ಕೊಡುತ್ತದೆಂಬುದನ್ನೂ ನಾವು ಒಪ್ಪಲಾರೆವು. 2012ರಲ್ಲಿ ಭಾರತದ ಪೇಟೆಂಟ್ ಅಧಿಕಾರಿಯು ಬೇಯರ್ ಕಂಪನಿಯ ಕ್ಯಾನ್ಸರ್ ಔಷಧವೊಂದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ ಕಡ್ಡಾಯ ಲೈಸೆನ್ಸನ್ನು ಕೊಟ್ಟನು. ತಿಂಗಳಿಗೆ ಸುಮಾರು 2,80,000 ರೂಪಾಯಿಗಳಾಗುತ್ತಿದ್ದ ಔಷಧ 8,880 ರೂಪಾಯಿಗಳಿಗೆ ಇಳಿಯಿತು. ಅಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಮನುಷ್ಯನ ಪ್ರಾಣವಿತ್ತು. ವಿಡಿಯೋ ಆಟ ಪ್ರಾಣವಲ್ಲ, ಪಠ್ಯಪುಸ್ತಕವೂ ಅಲ್ಲ, ಅದು ಮನೋರಂಜನೆ. ದೊರೆಯದಿದ್ದರೆ ಕಾಯಬಹುದು, ಬೆಲೆ ಇಳಿದಾಗ ಕೊಳ್ಳಬಹುದು, ಉಚಿತವಾಗಿ ಕೊಡುವ ಆಟಗಳನ್ನು ಆಡಬಹುದು. ಮಾರಾಟಕ್ಕಿರುವ ಆಟವನ್ನು ಬೆಲೆ ಹೆಚ್ಚೆಂಬ ಕಾರಣದಿಂದ ನಕಲು ಮಾಡಿಕೊಳ್ಳುವುದು, ಕ್ಷಮೆಗೆ ಅರ್ಹವಾಗಿದ್ದರೂ ನ್ಯಾಯವೆನಿಸಲಾರದು. ಅದನ್ನು ಮಾರಿ ಲಾಭ ಮಾಡಿಕೊಳ್ಳುವುದಂತೂ ಕ್ಷಮೆಗೂ ದೂರ.

ಇಲ್ಲಿಯವರೆಗೆ ನಾವು ಕಂಪನಿಗಳ ಪಕ್ಷ ವಹಿಸಿದಂತೆ ಕಂಡಿರಬಹುದು. ಇನ್ನು ತಕ್ಕಡಿಯ ಮತ್ತೊಂದು ತಟ್ಟೆಯನ್ನು ನೋಡೋಣ. ನಕಲನ್ನು ತಡೆಯಲು ಸಿ.ಡಿ.ಯ ಕೆಲವು ಭಾಗಗಳಲ್ಲಿ ಬೇಕೆಂದೇ ದೋಷಗಳನ್ನು ಇಡುವ ಉಪಾಯವೊಂದಿತ್ತು. ಸಾಮಾನ್ಯ ಯಂತ್ರ ಆ ದೋಷಗಳನ್ನು ನಕಲು ಮಾಡಲಾರದು. ಆಟವು ಆರಂಭವಾಗುವ ಮೊದಲು ಅವುಗಳನ್ನು ಹುಡುಕುತ್ತದೆ, ಕಾಣದಿದ್ದರೆ ನಿಂತುಬಿಡುತ್ತದೆ. ಸೇಫ್‌ಡಿಸ್ಕ್ ಎಂಬ ಈ ಬಗೆಯ ಬೀಗ ಗಣಕದ ಒಳಪದರದಲ್ಲಿ ತನ್ನದೊಂದು ತಂತ್ರಾಂಶವನ್ನು ನೆಲೆಗೊಳಿಸುತ್ತಿತ್ತು. ಅದರಿಂದ ಗಣಕದ ಸುರಕ್ಷತೆಗೆ ಅಪಾಯವೆಂದು ಮೈಕ್ರೋಸಾಫ್ಟ್ ಸಂಸ್ಥೆ 2015ರ ವಿಂಡೋಸ್ 10ರಲ್ಲಿ ಆ ಬೀಗಕ್ಕೆ ಎಡೆ ಕೊಡಲಿಲ್ಲ. ಪರಿಣಾಮವೇನೆಂದರೆ, ಹಣ ಕೊಟ್ಟು ತಂದ ನಿಜವಾದ ಸಿ.ಡಿ. ಹೊಸ ಗಣಕದಲ್ಲಿ ಓಡದಾಯಿತು; ಪರೀಕ್ಷೆಯ ಭಾಗವನ್ನು ಕತ್ತರಿಸಿ ತೆಗೆದ ಕಳ್ಳ ಪ್ರತಿ ಮಾತ್ರ ಓಡಿತು! ಕಾಯಿದೆಗೆ ತಲೆಬಾಗಿದವನಿಗೆ ನಷ್ಟ, ಮುರಿದವನಿಗೆ ಲಾಭ. ಒಮ್ಮೆ ಬೆಲೆ ತೆತ್ತವನು ತನ್ನ ಆಟವನ್ನು ಆಡುವುದಕ್ಕಾಗಿ ಬೀಗ ತೆಗೆದರೆ ಅದರಲ್ಲಿ ಅನೀತಿಯೇನೂ ನಮಗೆ ಕಾಣುವುದಿಲ್ಲ. ಇಂತಹ ಪ್ರತಿಗಳೊಡನೆ ದುಷ್ಟ ತಂತ್ರಾಂಶಗಳೂ ಮನೆಯೊಳಗೆ ನುಗ್ಗುವುದುಂಟಾದುದರಿಂದ ಎಚ್ಚರ ಅಗತ್ಯ ಎಂಬುದು ಬೇರೆ ಮಾತು.

ಇದಕ್ಕಿಂತಲೂ ಗಂಭೀರವಾದುದು ಆಟಗಳೇ ಇಲ್ಲವಾಗುವ ಪ್ರಶ್ನೆ. ಯೂಬಿಸಾಫ್ಟ್ ಕಂಪನಿಯು 2014ರಲ್ಲಿ ಹೊರತಂದ ದಿ ಕ್ರೂ ಎಂಬ ಓಟದ ಆಟ ಕಂಪನಿಯ ಗಣಕದ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಕಂಪನಿ ಆ ಗಣಕವನ್ನು ನಿಲ್ಲಿಸಿತು. ಕೊಂಡವರ ಕೈಯಲ್ಲಿ ಆಟದ ಡಬ್ಬಿ ಉಳಿಯಿತು, ಆಟ ಉಳಿಯಲಿಲ್ಲ. ಇದನ್ನು ಪ್ರತಿಭಟಿಸಿ ಯೂರೋಪಿನಲ್ಲಿ ನಡೆದ ಅರ್ಜಿಗೆ 2025ರ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿಯೇ ಇಲ್ಲ. ಹಳೆಯ ಪ್ರತಿಗಳಾದರೂ ಶಾಶ್ವತವೇ? ನಕಲು ಸಿ.ಡಿ.ಯ ಬಣ್ಣದ ಪದರ ಬಿಸಿಲು ಸೆಕೆಗಳಿಂದ ಕೆಡುತ್ತದೆ. ಹಳೆಯ ಕ್ಯಾಸೆಟ್ಟುಗಳೊಳಗಿನ ಪುಟ್ಟ ಬ್ಯಾಟರಿ ಬರಿದಾಗುತ್ತದೆ. ಕೆಲವು ಬಗೆಯ ನೆನಪಿನ ಬಿಲ್ಲೆಗಳಲ್ಲಿ ಕೂಡಿಟ್ಟ ವಿದ್ಯುದಂಶವು ವರ್ಷಗಳು ಕಳೆದಂತೆ ಸೋರಿಹೋಗುತ್ತದೆ. ಹೊಸದಾಗಿ ನಕಲು ಮಾಡದೆ ಅಂಕಿಗಳನ್ನು ಉಳಿಸುವ ಬೇರೆ ದಾರಿಯಿಲ್ಲ.

ನಕಲಿಲ್ಲದೆ ಏನಾಗುತ್ತದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ 1934ರಲ್ಲಿ ಬಿನ್ನಿಪೇಟೆಗೆ ಸಮೀಪದ ನಗರ ಮಾರುಕಟ್ಟೆಯ ಬಳಿಯ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಇದಕ್ಕೆ ಪ್ರತಿಯಾಗಿ, ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಲೋಕ ಮರೆತಿದ್ದ ಆ ಗ್ರಂಥದ ಓಲೆಯ ಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅಚ್ಚಾಯಿತು. ಓಲೆ ಎರಡು ಸಾವಿರ ವರ್ಷ ಬಾಳುವುದಿಲ್ಲ. ಹೆಸರು ತಿಳಿಯದ ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡುತ್ತ ಬಂದುದರಿಂದಲೇ ಅದು ಉಳಿಯಿತು. ಆಟಗಳನ್ನು ಅರ್ಥಶಾಸ್ತ್ರದ ಪಕ್ಕದಲ್ಲಿ ಇಡುವುದು ಕೆಲವರಿಗೆ ಅತಿರೇಕವೆನಿಸಬಹುದು. 1934ರಲ್ಲಿ ಸಿನಿಮಾವನ್ನೂ ಕಾಪಿಡತಕ್ಕ ವಸ್ತುವೆಂದು ಹೆಚ್ಚು ಜನ ಎಣಿಸಿರಲಿಲ್ಲವೆಂಬುದನ್ನು ಅವರು ನೆನೆಯಬೇಕು.

ಆದುದರಿಂದ ನಮ್ಮ ತೀರ್ಪು ಇಷ್ಟು. ಮಾರಾಟಕ್ಕಿರುವ ಆಟದ ಕಳ್ಳ ಪ್ರತಿ ತಪ್ಪು. ಕೊಂಡ ಆಟ ಕೈಕೊಟ್ಟಾಗ ಅದನ್ನು ಓಡಿಸಿಕೊಳ್ಳಲು ಮಾಡಿದ ಪ್ರತಿ ತಪ್ಪಲ್ಲ. ಯಾರೂ ಮಾರದ, ಯಾರೂ ಕಾಯದ ಆಟವನ್ನು ಲಾಭದ ಆಸೆಯಿಲ್ಲದೆ ಕಾಪಿಡಲು ಮಾಡಿದ ಪ್ರತಿ ತಪ್ಪಲ್ಲದಿರುವುದಷ್ಟೇ ಅಲ್ಲ, ಅದೊಂದು ಉಪಕಾರ.

ನಮ್ಮ ಕಾಯಿದೆ ಈ ಭೇದವನ್ನು ಅರ್ಧ ಮಾತ್ರ ಗುರುತಿಸಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ನ್ಯಾಯವಾಗಿ ಪ್ರತಿಯನ್ನು ಪಡೆದವನಿಗೆ, ನಷ್ಟವಾದೀತೆಂಬ ಭಯಕ್ಕೆ ಮೀಸಲು ಪ್ರತಿಯನ್ನು ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಕಳ್ಳ ತಂತ್ರಾಂಶವನ್ನು ತಿಳಿದೂ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆಯನ್ನು ವಿಧಿಸುವ 63ಬಿ ಪ್ರಕರಣವು, ಲಾಭಕ್ಕಾಗಿ ಬಳಸದವನ ಸೆರೆಯನ್ನು ಮನ್ನಿಸುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ಕೊಟ್ಟಿದೆ. 2012ರಲ್ಲಿ ಸೇರಿದ 65ಎ ಪ್ರಕರಣ ಬೀಗ ಮುರಿದವನ ಉದ್ದೇಶವನ್ನು ಕೇಳುತ್ತದೆ. ಇವೆಲ್ಲವೂ ವಿವೇಕದ ಮಾತುಗಳೇ. ಆದರೆ ಅನಾಥವಾದ ಆಟವನ್ನು ಕಾಯುವವರು ಯಾರು ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ.

ಉತ್ತರದ ಮಾದರಿ ನಮ್ಮಲ್ಲಿಯೇ ಇದೆ. 1954ರ ಕಾಯಿದೆಯೊಂದರಂತೆ ಪ್ರತಿಯೊಬ್ಬ ಪ್ರಕಾಶಕನೂ ತಾನು ಅಚ್ಚು ಮಾಡಿದ ಪುಸ್ತಕವನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಗೊತ್ತಾದ ಗ್ರಂಥಾಲಯಗಳಿಗೂ ಒಪ್ಪಿಸಬೇಕು. ಭಾರತದಲ್ಲಿ ಮಾರಾಟವಾಗುವ ಆಟಗಳಿಗೂ ಈ ನಿಯಮವನ್ನು ಏಕೆ ವಿಸ್ತರಿಸಬಾರದು? ಬೀಗವಿಲ್ಲದ ಒಂದು ಪ್ರತಿ ಗ್ರಂಥಾಲಯಕ್ಕೆ ಸೇರಲಿ. ಮಾರಾಟ ನಿಂತು ಗೊತ್ತಾದ ವರ್ಷಗಳು ಕಳೆದ ಮೇಲೆ ಓದುಗರಂತೆ ಆಟಗಾರರೂ ಅದನ್ನು ಅಲ್ಲಿ ಪಡೆಯಲಿ. ಅಮೆರಿಕದ ಗ್ರಂಥಾಲಯಗಳು ಮನೆಯಿಂದಲೇ ಹಳೆಯ ಆಟಗಳನ್ನು ಅಧ್ಯಯನ ಮಾಡಲು ಸಂಶೋಧಕರಿಗೆ ಅವಕಾಶ ಕೊಡಬೇಕೆಂದು ಕೇಳಿದಾಗ, ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ಅದನ್ನು ನಿರಾಕರಿಸಿತು. ನಾವು ಆ ಸಂಕೋಚವನ್ನು ಅನುಸರಿಸಬೇಕಾಗಿಲ್ಲ. ಕೊಳ್ಳಬಲ್ಲವರು ಕೊಂಡು ಆಡಲಿ. ಕೊಂಡದ್ದು ಕೊಂಡವರ ಕೈಯಲ್ಲಿ ಉಳಿಯುವಂತೆಯೂ, ಬಿಟ್ಟುಹೋದದ್ದು ಗ್ರಂಥಾಲಯದಲ್ಲಿ ಉಳಿಯುವಂತೆಯೂ ಸರ್ಕಾರ ನೋಡಿಕೊಳ್ಳಲಿ. ಆಗ ಪ್ರಾಮಾಣಿಕರಾದವರು ತಮಗೆ ಪ್ರಿಯವಾದ ಹಳೆಯ ಆಟಕ್ಕಾಗಿ ಕಳ್ಳರ ಬಾಗಿಲನ್ನು ತಟ್ಟುವ ಅಗತ್ಯವಿರುವುದಿಲ್ಲ.