ಗೋಡೆಗೆ ಕಂಬಳಿ ಬೇಕು, ಕಂಬಳಿ ಹೊತ್ತವ ಬ್ಯಾಡ?

1/7
ಫೀಡ್‌ನಾಗ ಈಗ ಒಂದು ನಮೂನಿ ಆರ್ಟ್ ಭಾಳ ಓಡಾಕತ್ತೈತಿ. ಕ್ಯಾನ್ವಾಸ್ ಮ್ಯಾಲೆ ಕರಿ ಕಂಬಳಿ ತುಂಡು ಅಂಟಿಸೋದು, ಅದರ ಮ್ಯಾಲೆ ಬಂಗಾರ ಬಣ್ಣದ ತ್ರಿಶೂಲ, ಒಂದಿಷ್ಟು ಭಂಡಾರ, ಅಂಚಿಗೆ ಅಮೆರಿಕದ ನವಾಹೋ ಜನರ ಡೈಮಂಡ್ ಡಿಸೈನು. ಕೆಳಗ ‘ಸ್ಪಿರಿಚುವಲ್ ಫ್ಯೂಷನ್, ಟ್ರೈಬಲ್ ವೂಲ್’. ನೋಡಾಕ ಚಂದ ಅದಾವು, ಸುಳ್ಳ ಯಾಕ ಹೇಳ್ಲಿ? ಆದ್ರ ಕಂಬಳಿ ನೇಯ್ದವರ ಹೆಸರು ಮಾತ್ರ ಎಲ್ಲೂ ಇರಂಗಿಲ್ಲ.

ಅದಕ್ಕ ಲೈಕ್ ಒತ್ತಿದ ಅದೇ ಕೈ, ಕ್ಲಾಸ್ ಗ್ರೂಪ್‌ನಾಗ ‘ಏ ಕಂಬಳಿ’, ‘ಕುರಿ ಕಾಯಾಕ ಹೋಗು’ ಅಂತ ಟೈಪ್ ಮಾಡ್ತೈತಿ. ನನ್ನ ಜಗಳ ಇರೋದು ಇಲ್ಲೇ.

2/7
ಕಲಬೆರಕೆ ತಪ್ಪು ಅಂತ ನಾ ಹೇಳಾಕತ್ತಿಲ್ಲ. ಮಂಗಸೂಳಿಯವರು ಹಂಗ ಹೇಳಾಕ ಬರೂದೂ ಇಲ್ಲ. ನಮ್ಮ ದೇವರನ್ನ ನಾವು ಮಲ್ಲಯ್ಯ ಅಂತೀವಿ, ಮೈಲಾರಲಿಂಗ ಅಂತೀವಿ. ಮರಾಠಿ ಮಂದಿ ಖಂಡೋಬಾ ಅಂತಾರ. ಮುಸ್ಲಿಂ ಭಕ್ತರು ಮಲ್ಲುಖಾನ ಅಂತಾರ. ಅವರ ‘ಯಳಕೋಟ’ ನಮ್ಮ ‘ಏಳುಕೋಟಿ’ನೇ. ಹೆಂಡ್ತಿಯರಾಗೂ ಒಬ್ಬಾಕಿ ಲಿಂಗಾಯತ ವಾಣಿ ಮನಿಯ ಮ್ಹಾಳಸಾ, ಇನ್ನೊಬ್ಬಾಕಿ ಕುರುಬರ ಬಾಣಾಯಿ. ಇದಕ್ಕಿಂತ ದೊಡ್ಡ ಫ್ಯೂಷನ್ ಯಾವ ಗ್ಯಾಲರಿಯಾಗ ಐತಿ?

3/7
ಆದ್ರ ಆ ಕೂಡುವಿಕೆ ಹೆಂಗಾತು? ಕಥೆ ಕೇಳ್ರಿ. ಬಾಣಾಯಿ ಬೇಕಂತ ದೇವರು ಮುದುಕನ ವೇಷ ಹಾಕ್ಕೊಂಡು ಆಕಿ ಮನಿಗೆ ಹೋದ. ಆಳಾಗಿ ದುಡಿದ. ಕುರಿ ಕಾಯ್ದ. ದೇವರೇ ಕುರಿ ಕಾಯ್ದ ಊರಾಗ, ‘ಕುರಿ ಕಾಯಾಕ ಹೋಗು’ ಅನ್ನೋದು ಬೈಗುಳ ಹೆಂಗಾತು?

ಮೈಲಾರದ ಗೊರವಯ್ಯ ತೊಡೋದು ಕರಿ ಕಂಬಳಿನೇ. ಪಟ್ಟಣಕೋಡೋಲಿಯ ವಿಠ್ಠಲ-ಬೀರದೇವರ ಜಾತ್ರಿಯಾಗ ಭಂಡಾರದ ಜೋಡಿ ಕುರಿ ಉಣ್ಣಿನೂ ಹಾರಸ್ತಾರ. ಅಲ್ಲಿ ಉಣ್ಣಿ ಅಲಂಕಾರ ಅಲ್ಲ, ದುಡಿಮೆಯ ಕಾಣಿಕೆ.

4/7
ಈಗ ಬಿಕಾಂ ಮಂದಿಗೆ ಅರ್ಥ ಆಗೋ ಭಾಷೆ. ಒಂದು ಕಂಬಳಿಯ ಕಾಸ್ಟ್ ಶೀಟ್ ಹಾಕ್ರಿ.

ದಖ್ಖನಿ ಕುರಿಯ ಉಣ್ಣಿ ಕತ್ತರಿಸಬೇಕು. ಕಸ ತಗದು ಹಿಂಜಬೇಕು. ಹೆಣ್ಮಕ್ಕಳು ಕೂತು ನೂಲು ತಗೀಬೇಕು. ಹಾಸಿಗೆ ಹುಣಸಿ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಆಮ್ಯಾಲೆ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ನೇಯ್ಬೇಕು. ಕರಿ ಬಣ್ಣ ಕುರಿದೇ, ಡೈ ಖರ್ಚು ಸೊನ್ನೆ. ಆದ್ರ ನಾವು ಕಂಬಳಿ ಕೊಳ್ಳೂ ಮುಂದ ಹೆಣ್ಮಕ್ಕಳ ನೂಲಿನ ಕೂಲಿನೂ ಸೊನ್ನೆ ಅಂತ ಹಿಡೀತೀವಿ. ಡೈರೆಕ್ಟ್ ಲೇಬರ್ ಸೊನ್ನೆ ಇಟ್ಟ ಕಾಸ್ಟ್ ಶೀಟ್ ಪರೀಕ್ಷೆಯಾಗ ಬರದ್ರ ಮಾಸ್ತರು ಬಿಡ್ತಾರೇನು?

ಇಷ್ಟಾದ ಮ್ಯಾಲೂ ಪಾಣಿಪತ್ತಿನ ಮಿಲ್ ಬ್ಲಾಂಕೆಟ್ ಜೋಡಿ ರೇಟ್ ಹೋಲಿಸಿ ‘ತುಟ್ಟಿ ಆತು’ ಅಂತೀವಿ.

5/7
2025ರ ಜೂನ್ ನೆನಪೈತೆಲ್ಲ? ಮಿಲಾನ್ ಶೋದಾಗ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ತೋರಿಸ್ತು, ಮೂಲದ ಹೆಸರು ಹೇಳಲಿಲ್ಲ. ಎಲ್ಲರೂ ಸ್ಟೋರಿ ಹಾಕಿ ಬೈದ್ರಿ. ಬೈಯೋದು ಸರಿನೇ ಇತ್ತು. 2019ರಾಗ ಆ ಚಪ್ಪಲಿಗೆ ಸಿಕ್ಕ ಜಿಐ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗೆ ಸೇರಿದ್ದು, ಅದರಾಗ ನಮ್ಮ ಬೆಳಗಾವಿನೂ ಒಂದು. ಅಥಣಿಯ ಕುಶಲಕರ್ಮಿಗಳ ಹೊಟ್ಟಿಪಾಡು ಅದು. ಕಡೀಕ ಪ್ರಾಡಾ ಮೂಲ ಭಾರತದ್ದು ಅಂತ ಒಪ್ಪಿಕೊಂಡ್ತು.

ಪ್ರಾಡಾ ಮಾಡಿದ್ರ ಕಳ್ಳತನ, ನಮ್ಮ ದೋಸ್ತ ಮಾಡಿದ್ರ ಫ್ಯೂಷನ್ನಾ?

6/7
ಅಂಚಿನ ಆ ಡೈಮಂಡ್ ಡಿಸೈನಿಗೂ ಮಂದಿ ಅದಾರ. ತಮಗೆ ನೇಯೋದು ಕಲಿಸಿದಾಕಿ ‘ಜೇಡ ಮಹಿಳೆ’ ಅಂತ ನವಾಹೋ ಜನ ನಂಬ್ತಾರ. ಅವರ ಕಂಬಳಿಗೂ ದೈವ ಐತಿ, ಕುರಿ ಐತಿ. 1930ರ ದಶಕದಾಗ ಅಮೆರಿಕ ಸರ್ಕಾರ ಭೂಮಿ ಸವಕಳಿ ಕಾರಣ ಹೇಳಿ ಅವರ ಕುರಿಗಳನ್ನ ಲೆಕ್ಕ ಇಲ್ಲದಂಗ ಕೊಲ್ಲಿಸ್ತು. ಮುಂದ ಅರ್ಬನ್ ಔಟ್‌ಫಿಟರ್ಸ್ ಅನ್ನೋ ಕಂಪನಿ ತನ್ನ ಮಾಲಿಗೆ ‘ನವಾಹೋ’ ಅಂತ ಹೆಸರಿಟ್ಟು ಮಾರಿದಾಗ, 2012ರಾಗ ನವಾಹೋ ನೇಷನ್ ಕೇಸ್ ಹಾಕ್ತು. 2016ರಾಗ ರಾಜಿ ಆತು. ಹೆಸರೂ ಒಂದು ಆಸ್ತಿ ಅಂತ ಅವರಿಗೆ ಗೊತ್ತಿತ್ತು.

7/7
‘ನಾವು ಹಾಕಿದ್ರ ಕಂಬಳಿಗೆ ಪ್ರಚಾರ ಸಿಗ್ತೈತಲ್ಲ’ ಅಂತೀರಿ. ಹೆಸರಿಲ್ಲದ ಪ್ರಚಾರ ಯಾರಿಗೆ? ನಿಮ್ಮ ಪ್ರೊಫೈಲಿಗೆ.

ಮಾಡ್ರಿ ಆರ್ಟ್, ಬ್ಯಾಡ ಅನ್ನಂಗಿಲ್ಲ. ಆದ್ರ ಕಂಬಳಿ ನೇಯ್ದವರಿಂದನೇ ತಗೋರಿ, ಚೌಕಾಶಿ ಮಾಡಬ್ಯಾಡ್ರಿ. ಅವರನ್ನ ಕೇಳಿ, ಅವರು ಹೂಂ ಅಂದ್ರ ಹೆಸರು-ಊರು ಹಾಕ್ರಿ. ಅಕ್ರಿಲಿಕ್ ತುಂಡಿಗೆ ಕಂಬಳಿ ಅನ್ನಬ್ಯಾಡ್ರಿ. ಆರ್ಟ್ ಮಾರಿದ್ರ ಅವರಿಗೂ ಪಾಲು ಕೊಡ್ರಿ. ಮತ್ತ ಗ್ರೂಪ್‌ನಾಗ ಆ ಬೈಗುಳ ಇವತ್ತೇ ಬಂದ್ ಮಾಡ್ರಿ. ಇದಕ್ಕ ರೊಕ್ಕನೂ ಬೇಕಿಲ್ಲ, ಬ್ರಷ್ಶೂ ಬೇಕಿಲ್ಲ.

ಚಂಪಾಷಷ್ಠಿಗೆ ಭಂಡಾರ ಹಣಿಗೆ ಹಚ್ಕೊಳ್ಳೂ ಮುಂದ, ಪಕ್ಕದಾಗ ಕಂಬಳಿ ಹೊತ್ತು ನಿಂತವರಿಗೆ ಸರದು ಜಾಗ ಕೊಡ್ರಿ. ದೇವರು ಆ ಮನಿಯ ಅಳಿಯ.

ತಕರಾರಿದ್ರ ಕಮೆಂಟ್‌ನಾಗ ಬರ್ರಿ, ಡಿಎಂನಾಗ ಅಲ್ಲ.

#ಕಂಬಳಿ #ಮಂಗಸೂಳಿ #ಏಳುಕೋಟಿ #ಹೆಸರುಹಾಕ್ರಿ