ಹೆಜ್ಜೆ ನಮ್ಮದು, ತಾಳ ಯಾರದು?

ಕನ್ನಡದ ತರುಣರೇ, ಒಂದು ನೇರ ಪ್ರಶ್ನೆ. ಬೆಳಗಾದರೆ ಕಾಲಿಗೆ ಶೂ, ಕಿವಿಗೆ ಇಯರ್‌ಫೋನ್ ಏರಿಸಿ ವಾಕಿಂಗ್ ಹೊರಡುತ್ತೀರಿ. ಸಂತೋಷ. ಆದರೆ ಆ ಕಿವಿಯಲ್ಲಿ ಬಡಿಯುವ ತಾಳ ಯಾರದು? ಒಂದೋ ಮುಂಬೈಯದು, ಇಲ್ಲವೇ ಅಮೆರಿಕದ್ದು! ಕೇಳಿದರೆ ಉತ್ತರ ಸಿದ್ಧ: "ಕನ್ನಡದಲ್ಲಿ ನಡಿಗೆಗೆ ಹೊಂದುವ ಹಾಡು ಎಲ್ಲಿದೆ ಸಾರ್?"

ಈ ಮಾತನ್ನು ಸಿಂದಗಿಗೆ ಬಂದು ಹೇಳಿ ನೋಡಿ, ಜನ ನಕ್ಕುಬಿಡುತ್ತಾರೆ. ಯುಗಾದಿ ಹತ್ತಿರ ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಭಕ್ತರು ಕಂಬಿ ಹೊತ್ತು, ಮಲ್ಲಯ್ಯನ ಪದ ಹಾಡುತ್ತ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ನೂರಾರು ಕಿಲೋಮೀಟರ್ ದಾರಿ! ಮೊಹರಂ ಬಂದರೆ ಹೆಜ್ಜೆಮೇಳ. ಹಲಗೆಯ ಪೆಟ್ಟಿಗೆ ಹತ್ತಾರು ಕಾಲು ಒಟ್ಟಿಗೇ ನೆಲ ಮುಟ್ಟುತ್ತವೆ. ಅಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಹೆಜ್ಜೆ ಕೇಳುವುದಿಲ್ಲ. ಇದೇ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿದ ಪದಗಳವು. ದುಡಿಯುವ ಮೈಗೆ ಹಾಡು ದಣಿವು ಮರೆಸುತ್ತದೆ, ವೇಗ ಹಿಡಿದುಕೊಡುತ್ತದೆ ಎಂಬುದನ್ನು ನಮ್ಮ ಅವ್ವಂದಿರಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಿರಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಡಿಗೆಯಲ್ಲಿ ಮಧ್ಯಮ ಶ್ರಮವೆಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. 130 ದಾಟಿದರೆ ಬಿರುಸಿನ ಶ್ರಮ. ಹಾಡು ಹಾಕಿ, 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬೀಳುತ್ತದೆ ಎಣಿಸಿ. 25 ಇದ್ದರೆ ನಿಮಿಷಕ್ಕೆ 100, 30 ಇದ್ದರೆ 120. ಪೆಟ್ಟಿಗೊಂದು ಹೆಜ್ಜೆ ಇಡಿ, ಅಷ್ಟೇ. ಮೊದಲ ಐದು ನಿಮಿಷ ನಿಧಾನದ ಭಾವಗೀತೆ, ಮೈ ಬಿಸಿಯಾದ ಮೇಲೆ ಡೊಳ್ಳು, ಹಲಗೆ, ಕುಣಿತದ ಸಿನಿಮಾ ಹಾಡು, ಕೊನೆಗೆ ಮತ್ತೆ ನಿಧಾನ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ಮಧ್ಯಮ ವೇಗ. ಆರಾಮಾಗಿ ಹಾಡುತ್ತಿದ್ದೀರಾ? ಹಾಗಾದರೆ ಕಾಲು ಚುರುಕು ಮಾಡಿ! ಹೃದ್ರೋಗ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ವೇಗ ಹೆಚ್ಚಿಸಲಿ. ರಸ್ತೆಯಲ್ಲಿ ನಡೆಯುವವರು ಒಂದು ಕಿವಿ ಖಾಲಿ ಬಿಡಿ. ಕಬ್ಬಿನ ಟ್ರ್ಯಾಕ್ಟರಿಗೆ ನಿಮ್ಮ ಹಾಡು ಕೇಳಿಸುವುದಿಲ್ಲ.

"ತಾಳಕ್ಕೆ ಭಾಷೆ ಎಲ್ಲಿದೆ?" ಎನ್ನುವವರಿದ್ದಾರೆ. ಒಪ್ಪಿದೆವು. ಕಾಲಿಗೆ ಬೇಕಾದ್ದು ಪೆಟ್ಟು ಮಾತ್ರ. ಹಾಗಿದ್ದ ಮೇಲೆ ಕನ್ನಡದ ಪೆಟ್ಟು ಏಕೆ ಬೇಡ? ನಾವು ಯಾರ ಸಂಗೀತದ ವೈರಿಗಳೂ ಅಲ್ಲ. ಆದರೆ ಹಾಡಿನ ಆ್ಯಪ್‌ಗಳು ನೀವು ಕೇಳಿದ್ದನ್ನೇ ಎಣಿಸುತ್ತವೆ, ಅದನ್ನೇ ಮತ್ತೆ ಮುಂದಿಡುತ್ತವೆ. ನಿಮ್ಮ ಕಿವಿಯೂ ಒಂದು ಓಟು! ದಿನಕ್ಕೆ ಅರ್ಧ ಗಂಟೆ ಪರಭಾಷೆಗೆ ಓಟು ಹಾಕಿ, ನವೆಂಬರ್ ಒಂದರಂದು ಬಾವುಟ ಹಿಡಿದರೆ ಆಯಿತೇ?

ನಿಮ್ಮ ಬಡಾವಣೆಯಲ್ಲಿ ನಾಲ್ಕು ಗೆಳೆಯರು ಸೇರಿ, ಮೂವತ್ತು ನಿಮಿಷದ ಕನ್ನಡ ನಡಿಗೆ ಹಾಡುಗಳ ಪಟ್ಟಿ ಮಾಡಿ, ಹಂಚಿ. ಪಾರ್ಕಿನಲ್ಲಿ ಧ್ವನಿವರ್ಧಕ ಇದ್ದರೆ ಅಲ್ಲಿ ಕನ್ನಡ ಹಾಡು ಹಾಕಿಸಲು ನಗರಸಭೆಗೆ ಅರ್ಜಿ ಕೊಡಿ. ಊರಿನ ಹಲಗೆ, ಕರಡಿ ಮಜಲು ಮೇಳದವರನ್ನು ಒಪ್ಪಿಸಿ, ಸಂಭಾವನೆ ಕೊಟ್ಟು ಅವರ ತಾಳವನ್ನು ಧ್ವನಿಮುದ್ರಿಸಿಕೊಳ್ಳಿ. ಕಲೆಯೂ ಉಳಿದೀತು, ಮೈಯೂ ಉಳಿದೀತು.

ಏಳಿ, ಹೆಜ್ಜೆ ಹಾಕಿ. ಕನ್ನಡದ ತಾಳಕ್ಕೆ ಹಾಕಿ!