ಆದೇಶ ಇಳಿಯೋ ಗ್ರೂಪ್ ಸಾಕು, ಪ್ರಶ್ನೆ ಕೇಳೋ ಗ್ರೂಪ್ ಬೇಕು

ಉಗಾರ ಖುರ್ದದ ಸುತ್ತಮುತ್ತಲಿನ ಒಂದು ಪ್ರೌಢಶಾಲೆ. ಹೆಸರು ಬೇಡ. ಬರೆದರೆ ಮರುದಿನ ಆ ಮಾಸ್ತರಿಗೇ ತೊಂದರೆ. ಹತ್ತನೇ ತರಗತಿಗೆ ಗಣಿತ ನಡೆದಿತ್ತು, ನಾವು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ಒಂದೇ ಪಿರಿಯಡ್‌ನಲ್ಲಿ ಮಾಸ್ತರರ ಫೋನು ಏಳು ಸಲ ಗುಂಯ್‌ಗುಟ್ಟಿತು. ಪಾಠ ಮುಗಿಸಿ ಹೊರಗೆ ಬಂದವರು ಫೋನು ನಮ್ಮ ಮುಂದೆ ಹಿಡಿದರು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ತುರ್ತು", ಅದರ ಕೆಳಗೆ "ಅತಿ ತುರ್ತು", ಅದರ ಕೆಳಗೆ "ಸಂಜೆ ಐದರೊಳಗೆ ಫೋಟೊ ಹಾಕಿ".

"ಈ ಗ್ರೂಪಿನ್ಯಾಗ ನಂದು ಒಂದ ಕೆಲಸ ನೋಡ್ರಿ, 'ಓಕೆ ಸರ್' ಅನ್ನೂದು," ಅಂದರು.

ಪಾಠದ ಬಗ್ಗೆ ಯಾವತ್ತಾದರೂ ಒಂದು ಪ್ರಶ್ನೆ ಅಲ್ಲಿ ಕೇಳಿದ್ದೀರಾ ಎಂದೆವು. ನಕ್ಕರು. "ಅಲ್ಲಿ ಕೇಳಿದ್ರ, ಇವಂಗ ಪಾಠ ಬರೂದಿಲ್ಲ ಅಂತ ಮ್ಯಾಲಿನವ್ರಿಗೆ ಗೊತ್ತಾಗತೈತಿ."

ಶಾಲೆಗಳಲ್ಲಿ ತಂತ್ರಜ್ಞಾನ ಎಂದು ನಾವು ಇಷ್ಟು ವರ್ಷ ಬರೆದ ಸುದ್ದಿಗಳೆಲ್ಲ ಆ ನಗುವಿನ ಮುಂದೆ ಸುಳ್ಳೆನಿಸಿದವು. ಫೋನು ಬಂತು, ಇಂಟರ್‌ನೆಟ್ ಬಂತು, ಗ್ರೂಪು ಬಂತು. ಆದರೆ ಮಾತು ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಕುಡಚಿಯ ವಿಜ್ಞಾನ ಶಿಕ್ಷಕಿಗೂ ಐನಾಪುರದ ವಿಜ್ಞಾನ ಶಿಕ್ಷಕನಿಗೂ ನಡುವೆ ಹರಿಯುವ ದಾರಿಯೇ ಇಲ್ಲ. ಇಬ್ಬರೂ ಅದೇ ಪುಸ್ತಕ ಕಲಿಸುತ್ತಾರೆ, ಅದೇ ಪಾಠದಲ್ಲಿ ಮಕ್ಕಳು ಎಡವುವುದನ್ನು ನೋಡುತ್ತಾರೆ, ಇಬ್ಬರೂ ಒಬ್ಬೊಬ್ಬರೇ ತಲೆ ಚಚ್ಚಿಕೊಳ್ಳುತ್ತಾರೆ.

ಇದಕ್ಕೆ ದಾರಿ ಇರಲಿಲ್ಲ ಎನ್ನಬೇಡಿ. ನಮ್ಮ ರಾಜ್ಯದಲ್ಲೇ ಇತ್ತು.

2001ರಲ್ಲಿ ಬಂದ 'ಮಾಹಿತಿ ಸಿಂಧು' ನಿಮಗೆ ನೆನಪಿರಬಹುದು. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು, ಕಲಿಸಲು ಹೊರಗಿನ ಕಂಪನಿಯ ಜನ ಬಂದರು. ಗಣಿತದ ಮಾಸ್ತರು, ಇತಿಹಾಸದ ಮೇಡಂ ದೂರ ನಿಂತು ನೋಡಿದರು. ಗುತ್ತಿಗೆ ಮುಗಿದ ಮೇಲೆ ಎಷ್ಟೋ ಕಡೆ ಲ್ಯಾಬಿಗೆ ಬೀಗ ಬಿತ್ತು. ಅದೇ ಹೊತ್ತಿಗೆ ಕೇರಳದವರು ಬೇರೆ ದಾರಿ ಹಿಡಿದಿದ್ದರು. ಅವರ 'ಐಟಿ ಅಟ್ ಸ್ಕೂಲ್' ಯೋಜನೆ ಶಾಲೆಯ ಶಿಕ್ಷಕರನ್ನೇ ತಯಾರು ಮಾಡಿತು, ಕಾಸು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ ಬಳಸಿತು. ಅಲ್ಲಿನ ಶಾಲೆಗಳೇ ತಮ್ಮ ಊರಿನ, ತಮ್ಮ ಶಾಲೆಯ ಮಾಹಿತಿ ಬರೆದು ತುಂಬುವ 'ಸ್ಕೂಲ್ ವಿಕಿ' ಕೂಡ ಅಲ್ಲಿಂದಲೇ ಹುಟ್ಟಿತು.

ಹತ್ತು ವರ್ಷ ತಡವಾದರೂ ಕರ್ನಾಟಕ ಎಚ್ಚರಗೊಂಡಿತು. ಡಿಎಸ್ಇಆರ್‌ಟಿ, ಆರ್‌ಎಂಎಸ್ಎ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ 'ವಿಷಯ ಶಿಕ್ಷಕರ ವೇದಿಕೆ' ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಲ್ಯಾಬಿನಲ್ಲಿ ಕೂತು ಇಮೇಲ್ ಕಲಿತರು, ಉಬುಂಟು ಕಲಿತರು, ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದು ತಿರುಗಿಸಿ ನೋಡಿದರು. ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ಇಮೇಲ್ ಬಳಗವಾಯಿತು. ಅಲ್ಲಿ ಅಧಿಕಾರಿ ಆದೇಶ ಹಾಕುತ್ತಿರಲಿಲ್ಲ. ಶಿಕ್ಷಕ ಕೇಳುತ್ತಿದ್ದ, ಶಿಕ್ಷಕ ಉತ್ತರಿಸುತ್ತಿದ್ದ.

ಅದರ ಜೊತೆಗೇ ಬಂದದ್ದು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು', ಶಿಕ್ಷಕರ ಬಾಯಲ್ಲಿ 'ಕೋಯರ್'. ವಿಕಿಪೀಡಿಯಾ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತ ತಾಣ. ಕನ್ನಡದಲ್ಲಿ ಪಾಠದ ಪುಟಗಳು, ಚಟುವಟಿಕೆಗಳು, ಪರಿಕಲ್ಪನೆಯ ನಕ್ಷೆಗಳು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಇಳಿಸಿಕೊಳ್ಳಬಹುದು, ತಮ್ಮ ಊರಿಗೆ ತಕ್ಕಂತೆ ಬದಲಿಸಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಡ. ಪಠ್ಯಪುಸ್ತಕ ಒಂದೇ ಆದರೂ ಕೃಷ್ಣೆಯ ದಂಡೆಯ ಮಗುವಿಗೆ ಕೊಡುವ ಉದಾಹರಣೆ ಬೇರೆ, ಕೋಲಾರದ ಮಗುವಿಗೆ ಬೇರೆ ಎಂದು ಒಪ್ಪಿಕೊಂಡ ವ್ಯವಸ್ಥೆ ಅದು.

ಆಮೇಲೆ ಏನಾಯಿತು? 2016ರ ಆಸುಪಾಸಿನಲ್ಲಿ 'ಟಾಲ್ಪ್' ಬಂತು. 2017ರಲ್ಲಿ ಕೇಂದ್ರದ 'ದೀಕ್ಷಾ' ಬಂತು, ಪುಸ್ತಕದ ಹಾಳೆಗೆ ಕ್ಯೂಆರ್ ಕೋಡ್ ಬಂತು. 2018ರಲ್ಲಿ ಆರ್‌ಎಂಎಸ್ಎ 'ಸಮಗ್ರ ಶಿಕ್ಷಾ'ದಲ್ಲಿ ಕರಗಿತು. ಯೋಜನೆಯ ಹೆಸರು ಬದಲಾದಾಗಲೆಲ್ಲ ತರಬೇತಿ ಮತ್ತೆ ಮೊದಲಿನಿಂದ: ಕಂಪ್ಯೂಟರ್ ಆನ್ ಮಾಡುವುದು ಹೇಗೆ, ಪಾಸ್‌ವರ್ಡ್ ಹಾಕುವುದು ಹೇಗೆ. ಇಮೇಲ್ ಬಳಗದಲ್ಲಿ ಪ್ರಶ್ನೆ ಕೇಳಿದ್ದ ಶಿಕ್ಷಕ ವೀಡಿಯೊ ನೋಡಿ ಪ್ರಮಾಣಪತ್ರ ಇಳಿಸಿಕೊಳ್ಳುವ ಶಿಕ್ಷಕನಾದ. ಎಷ್ಟು ಜನ ಕೋರ್ಸ್ ಮುಗಿಸಿದರು ಎಂಬ ಲೆಕ್ಕ ಎಲ್ಲ ಸಭೆಯಲ್ಲೂ ಸಿಗುತ್ತದೆ. ಎಷ್ಟು ಜನ ಒಬ್ಬರಿಗೊಬ್ಬರು ಏನು ಕೇಳಿದರು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಕ್ಯೂಆರ್ ಕೋಡ್ ಎಂದಾಗ ಗಡಿಯಾಚೆಯ ಒಂದು ಸಂಗತಿ ಹೇಳಲೇಬೇಕು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಪುಟ್ಟ ಊರಿನ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಎಂಬ ಶಿಕ್ಷಕರು ಬಂದರು. ಪುಸ್ತಕದ ಭಾಷೆ ಒಂದು, ಮಕ್ಕಳ ಮನೆಮಾತು ಕನ್ನಡ. ಡಿಸಲೆ ಮಕ್ಕಳ ಭಾಷೆ ಕಲಿತರು, ಪಾಠಗಳನ್ನು ಅದಕ್ಕೆ ತಂದರು, ಆಮೇಲೆ ಅದರ ಮೇಲೆ ಕ್ಯೂಆರ್ ಕೋಡ್ ಅಂಟಿಸಿದರು. 2020ರ ಡಿಸೆಂಬರ್‌ನಲ್ಲಿ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಅವರಿಗೆ ಬಂತು. ಅರ್ಧ ಹಣವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಎಲ್ಲರೂ ಆ ಕೋಡನ್ನೇ ಹೊಗಳಿದರು, ನಮ್ಮ ಪತ್ರಿಕೆಗಳೂ ಸಹ. ಆದರೆ ಕ್ರಮ ನೋಡಿ: ಮೊದಲು ಮಕ್ಕಳ ಮಾತು, ಆಮೇಲೆ ಪಾಠ, ಕೊನೆಗೆ ಯಂತ್ರ. ನಮ್ಮಲ್ಲಿ ಕೋಡು ಬೆಂಗಳೂರು-ದಿಲ್ಲಿಯಿಂದ ಅಚ್ಚಾಗಿ ಬರುತ್ತದೆ. ಅದರ ಹಿಂದೆ ಏನಿದೆ ಎಂದು ಶೇಡಬಾಳದ ಶಿಕ್ಷಕಿಯನ್ನು ಯಾರೂ ಕೇಳಿರುವುದಿಲ್ಲ.

ಕಾಗವಾಡ ತಾಲ್ಲೂಕಿನಲ್ಲಿ ಕನ್ನಡ-ಮರಾಠಿ ಎರಡೂ ಒಂದೇ ಓಣಿಯಲ್ಲಿ ಓಡಾಡುತ್ತವೆ. ಕಬ್ಬಿನ ಹಂಗಾಮು ಶುರುವಾದರೆ ಮರಾಠವಾಡದಿಂದ ಕಡಿಯುವವರ ಟೋಳಿಗಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತವೆ. ಅಂಥ ಮಗು ಉಗಾರದ ಕನ್ನಡ ಶಾಲೆಯ ಬಾಗಿಲಲ್ಲಿ ನಿಂತರೆ ಶಿಕ್ಷಕಿ ಏನು ಮಾಡಬೇಕು? ಇದಕ್ಕೆ ಉತ್ತರ ಯಾವ ಆ್ಯಪ್‌ನಲ್ಲೂ ಇಲ್ಲ. ಹಿಂದಿನ ಹಂಗಾಮಿನಲ್ಲಿ ಅಂಥ ಮಕ್ಕಳಿಗೆ ಕಲಿಸಿದ ಇನ್ನೊಬ್ಬ ಶಿಕ್ಷಕಿಯ ಬಳಿ ಇರಬಹುದು. ಅವರಿಬ್ಬರನ್ನು ಸೇರಿಸುವುದೇ ತಂತ್ರಜ್ಞಾನದ ಕೆಲಸ. ಅಷ್ಟೂ ಮಾಡದಿದ್ದರೆ ಆ ಸ್ಮಾರ್ಟ್ ಬೋರ್ಡು ಯಾಕೆ ಬೇಕು, ಗೋಡೆಗೆ ಅಂದವೇ?

ಇನ್ನೊಂದು ಉದಾಹರಣೆ. ಮಳೆಗಾಲದಲ್ಲಿ ಉಗಾರ-ಕುಡಚಿ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. 2019ರಲ್ಲೂ 2021ರಲ್ಲೂ ನೋಡಿದ್ದೇವೆ. ಕೊಯ್ನಾದಲ್ಲಿ ಬಿಟ್ಟ ನೀರು ಸಾಂಗ್ಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಸೇರಿಸಿಕೊಂಡು, ಕಲ್ಲೋಳದ ಹತ್ತಿರ ದೂಧಗಂಗೆಯನ್ನೂ ಕೂಡಿಸಿಕೊಂಡು ನಮ್ಮ ದಂಡೆಗೆ ಬರುತ್ತದೆ. ಒಂದು ಹಂಚಿಕೊಂಡ ಶೀಟ್ ಸಾಕು. ಜುಗೂಳ, ಮಂಗಾವತಿ, ಉಗಾರ, ಕುಡಚಿಯ ಶಾಲೆಗಳು ದಿನಾ ಬೆಳಿಗ್ಗೆ ಬಾಟಲಿಯಲ್ಲಿ ಅಳೆದ ಮಳೆಯನ್ನು ಅದರಲ್ಲಿ ತುಂಬಲಿ. ಸಾಂಗ್ಲಿ ಕಡೆಯ ಒಂದು ಶಾಲೆಯೂ ಸೇರಿದರೆ ಇನ್ನೂ ಚಲೋ. ತಿಂಗಳ ಕೊನೆಗೆ ಅದೇ ಅಂಕಿಯಿಂದ ಗಣಿತದಲ್ಲಿ ಸರಾಸರಿ, ವಿಜ್ಞಾನದಲ್ಲಿ ಮಳೆಮಾಪನ, ಸಮಾಜದಲ್ಲಿ ನದಿ ಕಣಿವೆ. ಬೇಕಾಗಿರುವುದು ಪ್ರತಿ ಶಾಲೆಗೆ ಒಂದು ಫೋನು, ಒಂದು ಬಾಟಲಿ, ಒಂದು ಸ್ಕೇಲು. ಮತ್ತು ಇದನ್ನು ಕೂಡಿಸಲು ನಾಲ್ಕು ಶಿಕ್ಷಕರಿಗೆ ಎರಡು ತಾಸು ಪುರುಸೊತ್ತು.

ಆ ಎರಡು ತಾಸೇ ಸಿಗುವುದಿಲ್ಲ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್, ಯುಡೈಸ್, ಸಮೀಕ್ಷೆ, ಚುನಾವಣೆ. ಡೇಟಾ ಹೋಗುವುದೂ ಹೆಚ್ಚಿನವರ ಸ್ವಂತ ರಿಚಾರ್ಜಿನಿಂದ.

ಜೊತೆಗೆ ಚಿಕ್ಕದಾಗಿ ಕಾಣುವ, ಆದರೆ ಕೆಲಸವನ್ನೇ ಕೆಡಿಸುವ ಒಂದು ತೊಡಕಿದೆ. ಅನೇಕ ಶಿಕ್ಷಕರು ಇವತ್ತಿಗೂ ಹಳೆಯ ನುಡಿ ಫಾಂಟ್‌ನಲ್ಲಿ ಪ್ರಶ್ನೆಪತ್ರಿಕೆ ಮಾಡುತ್ತಾರೆ. ಅದನ್ನು ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಅಡ್ಡಾದಿಡ್ಡಿ ಅಕ್ಷರಗಳ ಸಂತೆ. ಹುಡುಕಿದರೆ ಸಿಗದು, ಐವರು ಕೂತು ತಿದ್ದಲು ಆಗದು. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬಂದರೆ ಅಥವಾ ಫೋನಿಗೆ ಕನ್ನಡದಲ್ಲೇ ಮಾತಾಡಿ ಬರೆಸಲು ಬಂದರೆ ಅರ್ಧ ಬಾಗಿಲು ತೆರೆದಂತೆ. ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಯಾವ ಉದ್ಘಾಟನೆಯೂ ಬೇಡ. ಬಹುಶಃ ಅದಕ್ಕೇ ಯಾರೂ ಮಾಡಿಸುವುದಿಲ್ಲ.

"ಮಾಸ್ತರು ಸಾಲ್ಯಾಗ ಫೋನ್ ಹಿಡಕೊಂಡ ಕುಂದರ್ತಾರ" ಎನ್ನುವವರು ಈ ಓದುಗರಲ್ಲೂ ಇದ್ದೀರಿ, ಗೊತ್ತು. ಕೂರುವವರಿದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಫೋನಿನಲ್ಲಿ ಏನು ಮಾಡುತ್ತಿದ್ದಾರೆ ಎಂದು ಒಮ್ಮೆ ಬಗ್ಗಿ ನೋಡಿ. ಮೊಟ್ಟೆ ತಿನ್ನುವ ಮಗುವಿನ ಫೋಟೊ ಮೇಲಕ್ಕೆ ಕಳಿಸುತ್ತಿರಬಹುದು, ಇವತ್ತೇ ಕಳಿಸದಿದ್ದರೆ ಕಾರಣ ಕೇಳುತ್ತಾರೆಂದು. ಕೊರೊನಾ ವರ್ಷದಲ್ಲಿ, 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾದಾಗ ಇದೇ ಫೋನು ಹಿಡಿದು ಗುಡಿ ಕಟ್ಟೆಯಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿ ಕಲಿಸಿದವರೂ ಇವರೇ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಸ್ಮಾರ್ಟ್ ಕ್ಲಾಸ್ ಉದ್ಘಾಟನೆಗೆ ನಾವು ಹೋಗಿದ್ದೇವೆ. ರಿಬ್ಬನ್, ಶಾಲು, ಹಾರ, ಎರಡು ಕಾಲಂ ಸುದ್ದಿ. ಆರು ತಿಂಗಳ ಮೇಲೆ ಅದೇ ಕೋಣೆಗೆ ಹೋಗಿ ಬೋರ್ಡಿನ ಮೇಲಿನ ಧೂಳು ನೋಡಿ ಬರೆದದ್ದು ಎಷ್ಟು ಸಲ? ನಮ್ಮ ಕಡತದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ.

ಹಾಗಾಗಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪಾಠದ ಹೊತ್ತಿನಲ್ಲಿ ಗ್ರೂಪಿಗೆ ಆದೇಶ ಹಾಕಬೇಡಿ, ಶಾಲೆ ಬಿಟ್ಟ ಮೇಲೆ ಒಂದೇ ಸಲ ಹಾಕಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದನ್ನು ನಿಲ್ಲಿಸಿ, ಆ ಹೊತ್ತನ್ನು ಶಿಕ್ಷಕರಿಗೆ ಬಿಡಿ. ಅಕ್ಕಪಕ್ಕದ ಐದು ಶಾಲೆಯವರು ಒಂದು ಪಾಠವನ್ನು ಕೂಡಿ ತಯಾರಿಸಲಿ. ಅವರ ಗುಂಪಿನಲ್ಲಿ ಅಧಿಕಾರಿಗಳು ಇರಬೇಡಿ. ಇದ್ದರೆ ಯಾರೂ "ನನಗಿದು ಬರಲ್ಲ" ಎಂದು ಬರೆಯುವುದಿಲ್ಲ.

ಎಸ್‌ಡಿಎಂಸಿಯಲ್ಲಿರುವ ಓದುಗರೇ, ನಿಮ್ಮ ಮುಂದಿನ ಸಭೆಯಲ್ಲಿ ಎಷ್ಟು ಕಂಪ್ಯೂಟರ್ ಬಂದವು ಎಂದು ಕೇಳಬೇಡಿ. ಈ ತಿಂಗಳು ನಮ್ಮ ಮಾಸ್ತರು ಬೇರೆ ಶಾಲೆಯ ಯಾವ ಮಾಸ್ತರರ ಜೊತೆ ಯಾವ ಪಾಠ ಕೂಡಿ ಮಾಡಿದರು ಎಂದು ಕೇಳಿ. ಇಲ್ಲ ಎಂದರೆ ಯಾಕೆ ಎಂದು ಕೇಳಿ, ಅವರು ಹೇಳಿದ ಕಾರಣವನ್ನು ಠರಾವಿನಲ್ಲಿ ಬರೆಸಿ ಮೇಲಕ್ಕೆ ಕಳಿಸಿ.

ಆ ಗಣಿತದ ಮಾಸ್ತರು ಮೊನ್ನೆ ಕರೆ ಮಾಡಿದ್ದರು. ಹತ್ತಿರದ ಮೂರು ಶಾಲೆಯ ಗಣಿತದವರನ್ನು ಸೇರಿಸಿ ಒಂದು ಸಣ್ಣ ಗ್ರೂಪ್ ಮಾಡಿದ್ದಾರಂತೆ, ನಾಲ್ಕೇ ಜನ. ಮೊದಲ ಪ್ರಶ್ನೆ ಅವರದೇ: ತ್ರಿಕೋನಮಿತಿಯನ್ನು ಕಾರ್ಖಾನೆಯ ಚಿಮಣಿ ತೋರಿಸಿ ಕಲಿಸಿದರೆ ಹೇಗೆ? ರಾತ್ರಿ ಹನ್ನೊಂದರವರೆಗೂ ಉತ್ತರ ಬರುತ್ತಲೇ ಇದ್ದವಂತೆ.